ಓ.ಡಿ. ದೀಪ

ನನ್ನ ಗಂಡ ದೌಲತರಾಯರು ಮೂವತ್ತು ವರ್ಷಕ್ಕೂ ಮಿಕ್ಕಿ ಅಫಜಲಪುರದ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕರಾಗಿದ್ದರು ಎಂದು ಸರಕಾರ ನಂಬಿದೆ. ನನ್ನನ್ನು ಕೇಳಿದರೆ, ಅಷ್ಟೂ ವರ್ಷ ಅವರು ಓ.ಡಿ. ಮೇಲಿದ್ದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಓ.ಡಿ. ಅಂದರೆ ಆನ್ ಡ್ಯೂಟಿ. ಮಾಸ್ತರರು ತಮ್ಮ ಶಾಲೆ ಬಿಟ್ಟು ಬೇರೆ ಕಡೆ ಸರಕಾರಿ ಕೆಲಸಕ್ಕೆ ಹೋದ ದಿನ ಹಾಜರಿ ಪುಸ್ತಕದಲ್ಲಿ ಅವರ ಸಹಿಯ ಜಾಗದಲ್ಲಿ ಕೆಂಪು ಶಾಯಿಯಿಂದ ಬರೆಯುವ ಎರಡು ಅಕ್ಷರ. ಆಳಂದದಲ್ಲಿ ಕಬಡ್ಡಿ ಪಂದ್ಯ ಇದ್ದರೆ ಓ.ಡಿ. ಜೇವರ್ಗಿಯಲ್ಲಿ ಜನಗಣತಿ ತರಬೇತಿ ಇದ್ದರೆ ಓ.ಡಿ. ಚುನಾವಣೆ ಬಂತೆಂದರೆ ರಾಜ್ಯದ ಗಡಿಯ ಖಜೂರಿಯಲ್ಲಿ ಲಾರಿ ತಪಾಸಣೆಗೆ ಕೂತು ಓ.ಡಿ. ಖಜೂರಿಯಿಂದ ಬರುವಾಗಲೆಲ್ಲ ಒಂದು ಸೊಲ್ಲಾಪುರ ಚಾದರ ತರುತ್ತಿದ್ದರು. ನಮ್ಮ ಮನೆಯಲ್ಲಿ ಈಗಲೂ ಒಂದು ಮದುವೆಯ ಬೀಗರಿಗೆಲ್ಲ ಹೊದಿಸುವಷ್ಟು ಚಾದರಗಳಿವೆ.

ಓ.ಡಿ. ಬಂದಾಗ ಅವರ ಮುಖ ನೋಡಬೇಕಿತ್ತು. “ಏನ್ ಮಾಡ್ಲಿ ಮಾನಂದಾ, ಆರ್ಡರ್ ಬಂದದ,” ಎಂದು ನಿಟ್ಟುಸಿರು ಬಿಟ್ಟು ಬ್ಯಾಗು ಇಳಿಸುತ್ತಿದ್ದರು. ನಾನು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡುತ್ತಿದ್ದೆ. ಈ ಮನುಷ್ಯನನ್ನು ಸರಕಾರ ಎಷ್ಟು ದುಡಿಸುತ್ತದಪ್ಪ ಎಂದು ಮರುಗುತ್ತಿದ್ದೆ. ಮಗಳು ಭಾಗ್ಯಜ್ಯೋತಿ ಹುಟ್ಟಿದಾಗ ಅವರು ಓ.ಡಿ. ಮೇಲಿದ್ದರು. ಅವಳಿಗೆ ಟೈಫಾಯಿಡ್ ಆದಾಗಲೂ ಓ.ಡಿ. ಮೇಲಿದ್ದರು. ಮಾದನಹಿಪ್ಪರಗಾದಲ್ಲಿ ನನ್ನ ಅವ್ವ ಹಾಸಿಗೆ ಹಿಡಿದು ಇವತ್ತೋ ನಾಳೆಯೋ ಎನ್ನುವಂತಿದ್ದಾಗ, ನಾನೊಬ್ಬಳೇ ಮಗಳನ್ನು ಎತ್ತಿಕೊಂಡು ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಹೋದೆ. ಅವರು ಖಜೂರಿಯಲ್ಲಿದ್ದರು. ಅವ್ವನ ಮಣ್ಣಿಗೆ ಬಂದರು. ಬರುವಾಗ ಚಾದರವನ್ನೂ ತಂದಿದ್ದರು.

ನಾನೂ ನೌಕರಿಯವಳೇ. ಹವಳಗಾದ ಸಕ್ಕರೆ ಕಾರ್ಖಾನೆ ದಾಟಿ ಇನ್ನೂ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನ ಸರಕಾರಿ ಶಾಲೆಗೆ ನಾನು ಮುಖ್ಯಗುರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಷ್ಟೂ ವರ್ಷ ನನಗೆ ಓ.ಡಿ. ಬಂದಿರಲೇ ಇಲ್ಲ. ಬಂದಿದ್ದರೂ ಹೋಗಲು ಆಗುತ್ತಿರಲಿಲ್ಲ, ಮನೆಯಲ್ಲಿ ಒಬ್ಬರಾದರೂ ಇರಬೇಕಲ್ಲ.

ಹೋದ ವರ್ಷ ಅವರ ನಿವೃತ್ತಿಯಾಯಿತು. ಸತ್ಕಾರ ಸಮಾರಂಭದಲ್ಲಿ ನನ್ನನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೈಗಿಟ್ಟರು. ಆಮೇಲೆ ಶಿಕ್ಷಣ ಇಲಾಖೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಹಣಮಂತ್ರಾಯರು ಎದ್ದು ಮೈಕಿನ ಮುಂದೆ ನಿಂತರು.

“ನಮ್ಮ ದೌಲತರಾಯ ಸರ್ ಅಂಥವ್ರು ಇನ್ನ ಸಿಗಂಗಿಲ್ರಿ,” ಎಂದರು. “ಉಳದ ಮಾಸ್ತರ ಮಂದಿ, ಓ.ಡಿ. ಬ್ಯಾಡ್ರಿ, ನಮ್ಮ ಹೆಸರು ತೆಗೀರಿ ಅಂತ ಕೈಕಾಲು ಹಿಡೀತಿದ್ರು. ಇವ್ರು ಮಾತ್ರ ತಾವಾಗೇ ಆಫೀಸಿಗೆ ಬಂದು, ಹಣಮಂತ್ರಾಯಾ, ಎಲ್ಲಿಗರ ನನ್ನ ಹೆಸರು ಹಾಕಪ್ಪ, ಖಜೂರಿ ಆದ್ರೂ ನಡೀತದ ಅಂತ ಕೇಳಿ ಹಾಕಿಸ್ಕೊಂಡು ಹೋಗ್ತಿದ್ರು.”

ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ವೇದಿಕೆಯ ಮೇಲೆ ಕೂತವರು ತಟ್ಟದೆ ಇದ್ದರೆ ಚೆನ್ನಾಗಿರುವುದಿಲ್ಲ. ಮನೆಗೆ ಬಂದ ಮೇಲೆ ಆ ಹಣ್ಣಿನ ಬುಟ್ಟಿಯನ್ನು ನಾನು ಬಿಚ್ಚಲಿಲ್ಲ. ಬಾಳೆಹಣ್ಣು ಕೊಳೆತು ನಾರತೊಡಗಿದಾಗ ಅವರೇ ಎತ್ತಿ ಹೊರಗೆ ಹಾಕಿದರು. ಯಾಕೆ ಬಿಚ್ಚಲಿಲ್ಲ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿವೃತ್ತಿಯ ಮರುದಿನದಿಂದ ಅವರು ಮನೆಗೆ ಬಂದರು. ಪೂರ್ತಿ ಬಂದರು. ನಾನು ಬ್ಯಾಳಿ ಕುದಿಸುವಾಗ ಹಿಂದೆ ನಿಂತು ನೀರು ಹೆಚ್ಚಾಯಿತು ಎನ್ನುವರು. ಕಸ ಗುಡಿಸುವಾಗ ಮೂಲೆ ತೋರಿಸುವರು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೆ ಬಂದು ಬಸ್ಸು ಹೊರಡುವತನಕ ನಿಲ್ಲುವರು, ಸಂಜೆ ಬಸ್ಸು ಇಳಿದರೆ ಅಲ್ಲೇ ನಿಂತಿರುವರು. ಓಣಿಯ ಹೆಂಗಸರು ನನ್ನನ್ನು ಪುಣ್ಯವಂತೆ ಎಂದು ಕರೆಯತೊಡಗಿದರು. ಬೇಕಾದಾಗ ಸಿಗದ ಗಂಡ ಬೇಡವಾದಾಗ ಸಿಕ್ಕರೆ ಅದಕ್ಕೆ ಪುಣ್ಯ ಎನ್ನುತ್ತಾರೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಹೀಗಿರುವಾಗ ಕಾರು ಬಂತು. ಕಬಡ್ಡಿ ಅಂಕಣದಲ್ಲಿ ಸವೆದ ಅವರ ಎಡ ಮೊಣಕಾಲು ಕ್ಲಚ್ ತುಳಿಯಲು ಒಪ್ಪುವುದಿಲ್ಲ. ಆದ್ದರಿಂದ ಕಲಬುರಗಿಯ ಡಾಕ್ಟರೊಬ್ಬರು ಮಾರಿದ ಹಳೆಯ ಆಟೋಮ್ಯಾಟಿಕ್ ಕಾರನ್ನು ತಂದೆವು. ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಊರಲ್ಲಿ ಮಾತ್ರ ಅವರು ಹೇಳಿದ್ದೇ ಬೇರೆ: “ಹೆಣ್ಮಕ್ಕಳಿಗೆ ಸರಳ ಆಗ್ತದ ನೋಡ್ರಿ, ಮಾನಂದಾನ ಸಲುವಾಗಿ ತಂದೀವಿ.” ನನ್ನ ಸಲುವಾಗಿ ತಂದ ಕಾರಿನ ಕೀಲಿ ಅವರ ಜೇಬಿನಲ್ಲಿರುತ್ತಿತ್ತು. ನಾನು ಬೇಸಿಗೆ ರಜೆಯಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತು ಲೈಸನ್ಸ್ ತೆಗೆದುಕೊಂಡಿದ್ದೆ. ಆ ಲೈಸನ್ಸ್ ನನ್ನ ಪರ್ಸಿನಲ್ಲಿರುತ್ತಿತ್ತು. ಎರಡೂ ಒಂದು ಕಡೆ ಸೇರಿದ್ದೇ ಇಲ್ಲ.

ಆ ಕಾರಿನ ಗೇರಿನ ಹಿಡಿಕೆಯ ಪಕ್ಕದಲ್ಲಿ, ಹೆಬ್ಬೆರಳಿಗೆ ಸಿಗುವಂತೆ ಒಂದು ಸಣ್ಣ ಬಟನ್ ಇದೆ. ಅದನ್ನು ಒತ್ತಿದರೆ ಮೀಟರಿನ ಜಾಗದಲ್ಲಿ ಹಳದಿ ದೀಪ ಹತ್ತಿ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಓ, ಡಿ, ಅದರ ಮುಂದೆ ಓ-ಎಫ್-ಎಫ್. ಮೊದಲ ಸಲ ಅದನ್ನು ಕಂಡಾಗ ದೌಲತರಾಯರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ನೋಡ್ ಬೇ ಮಾನಂದಾ,” ಎಂದರು. “ಗಾಡ್ಯಾಗೂ ಓ.ಡಿ. ಅದ.”

“ಮುಂದ ಆಫ್ ಅಂತ ಅದಲ್ರಿ?”

“ಆಫ್ ಅಲ್ಲದು, ಆಫೀಶಿಯಲ್. ಜಾಗ ಸಾಲಂಗಿಲ್ಲ ಅಂತ ಮೂರೇ ಅಕ್ಷರ ಹಾಕ್ಯಾರ. ನಮ್ಮ ಹಾಜರಿ ಬುಕ್ಕಿನ್ಯಾಗೂ ಹಂಗೇ ಬರೀತಿದ್ರು. ಓ.ಡಿ. ಆಫೀಶಿಯಲ್. ಅಂದ್ರ, ಗಾಡಿ ಹೊರಗಿನ ಡ್ಯೂಟಿ ಮ್ಯಾಗ ಅದ ಅಂತ.”

ಇದರಿಂದ ಅವರು ಒಂದು ಕಾಯ್ದೆ ಮಾಡಿದರು. ಊರೊಳಗೆ ಓಡಾಡುವಾಗ ಓ.ಡಿ. ಬೇಡ, ಊರ ಹೊರಗೆ ಬೇಕು. ಅಫಜಲಪುರದ ಕೊನೆಯ ಪೆಟ್ರೋಲ್ ಬಂಕ್ ದಾಟಿದ ಕೂಡಲೇ ಬಟನ್ ಒತ್ತುವರು. ದೀಪ ಹತ್ತುವುದು, ಇಂಜಿನ್ನು ಒಮ್ಮೆಲೇ ಗಂಟಲು ಹರಿಯುವಂತೆ ಕೂಗತೊಡಗುವುದು. ನಾನು ಕಿವಿ ಮುಚ್ಚಿಕೊಂಡರೆ, “ಡ್ಯೂಟಿ ಅಂದ ಮ್ಯಾಲ ಸಪ್ಪಳ ಇರ್ತದ,” ಎನ್ನುವರು. ತಿರುಗಿ ಬರುವಾಗ ಅದೇ ಬಂಕಿನ ಹತ್ತಿರ ಮತ್ತೆ ಒತ್ತುವರು. ದೀಪ ಆರಿ, ಗಾಡಿ ಸದ್ದಿಲ್ಲದೆ ಮನೆ ಸೇರುವುದು. ಹೊರಗೆ ಹೋದಾಗ ಪೆಟ್ರೋಲ್ ಯಾಕೆ ಇಷ್ಟು ಕುಡಿಯುತ್ತದೆ ಎಂಬುದಕ್ಕೂ ಅವರಲ್ಲಿ ಉತ್ತರವಿತ್ತು. ಹೊರಗಿನ ಡ್ಯೂಟಿಗೆ ಭತ್ಯೆ ಹೆಚ್ಚು.

ನನಗೆ ಅನುಮಾನ ಬಂದು, ನಮ್ಮ ಶಾಲೆಯ ಗಣಿತದ ಟೀಚರ್ ಶಮ್ಸುನ್ನಿಸಾಳನ್ನು ಕೇಳಿದೆ. ಆಕೆ ನನ್ನ ಜೊತೆಗೇ ಬಸ್ಸಿನಲ್ಲಿ ಬರುವವಳು. ಇಬ್ಬರೂ ಸೀಟಿನಲ್ಲಿ ಕೂತು ಆಕೆಯ ಮೊಬೈಲಿನಲ್ಲಿ ಹುಡುಕಿದೆವು. ಯಾರೋ ಪುಣ್ಯಾತ್ಮ ಕನ್ನಡದಲ್ಲೇ ಬಿಡಿಸಿ ಹೇಳಿದ್ದ.

ಆಟೋಮ್ಯಾಟಿಕ್ ಕಾರಿನ ಓ.ಡಿ. ಅಂದರೆ ಓವರ್‌ಡ್ರೈವ್. ನಮ್ಮಂಥ ಗಾಡಿಯಲ್ಲಿ ಅದು ನಾಲ್ಕನೆಯ ಗೇರು, ಎಲ್ಲಕ್ಕಿಂತ ಮೇಲಿನದು. ಸಪಾಟು ರಸ್ತೆಯಲ್ಲಿ ಗಾಡಿ ಒಮ್ಮೆ ವೇಗ ಹಿಡಿದ ಮೇಲೆ ಇಂಜಿನ್ನು ಮೆಲ್ಲಗೆ ತಿರುಗಿದರೂ ಚಕ್ರಗಳು ಓಡುತ್ತಿರುತ್ತವೆ. ಇಂಜಿನ್ನಿಗೆ ಆರಾಮ, ಪೆಟ್ರೋಲೂ ಉಳಿಯುತ್ತದೆ. ಗಾಡಿ ಚಾಲೂ ಮಾಡಿದಾಗ ಅದು ತಾನಾಗಿಯೇ ಇರುತ್ತದೆ, ನಾವೇನೂ ಮಾಡಬೇಕಾಗಿಲ್ಲ. ಏರು ಹತ್ತುವಾಗ, ಇಳಿಜಾರಿನಲ್ಲಿ ಬ್ರೇಕಿನ ಮೇಲೆಯೇ ಭಾರ ಹಾಕದೆ ಇಳಿಯುವಾಗ, ಮುಂದಿನ ಗಾಡಿಯನ್ನು ದಾಟುವಾಗ, ಸಂತೆಯ ಗದ್ದಲದಲ್ಲಿ ನಿಂತು ನಿಂತು ಹೋಗುವಾಗ ಬಟನ್ ಒತ್ತಿ ಅದನ್ನು ಬಂದ್ ಮಾಡಬಹುದು. ಆಗ ಗಾಡಿ ಮೂರನೆಯ ಗೇರಿಗೆ ಇಳಿದು ಜೋರು ಹಿಡಿಯುತ್ತದೆ. ಹೀಗೆ ಬಂದ್ ಮಾಡಿದ್ದೀರಿ, ಮರೆಯಬೇಡಿ ಎಂದು ನೆನಪಿಸಲಿಕ್ಕೆ ಆ ದೀಪ. ದೀಪ ಹತ್ತಿದ್ದರೆ ಓ.ಡಿ. ಇಲ್ಲ, ಆರಿದ್ದರೆ ಇದೆ.

ಅಂದರೆ ನಮ್ಮವರ ಕಾಯ್ದೆ ಬಹುತೇಕ ಸರಿಯಾಗಿಯೇ ಇತ್ತು. ಊರೊಳಗೆ ಬೇಡ, ಉದ್ದ ರಸ್ತೆಯಲ್ಲಿ ಬೇಕು. ಮಾಡುತ್ತಿದ್ದದ್ದು ಮಾತ್ರ ಪೂರ್ತಿ ತಿರುವುಮುರುವು. ಶಮ್ಸುನ್ನಿಸಾ ಸೆರಗು ಬಾಯಿಗೆ ಒತ್ತಿ ನಕ್ಕಳು.

“ಅಕ್ಕಾ, ಸರ್ ಅವ್ರು ಗಾಡೀನ ಊರಾಗ ಆರಾಮ್ ಇಟ್ಟು ಹೊರಗ ಒಯ್ದು ಖಾಲಿಪೀಲಿ ಒದರಿಸಾಕತ್ತಾರ,” ಎಂದಳು.

ಮನೆಗೆ ಬಂದು ಹೇಳಿದೆ. ಅವರು ಕುಡಿಯುತ್ತಿದ್ದ ಚಹಾದ ಕಪ್ಪು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಓ.ಡಿ. ಅಂದ್ರ ಏನಂತ ನೀ ನಂಗ ಹೇಳ್ತಿ?” ಎಂದರು.

ಅಲ್ಲಿಗೆ ಮುಗಿಯಿತು. ನಾನು ಮತ್ತೆ ಹೇಳಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಬಂಕ್ ದಾಟಿದ ಕೂಡಲೇ ಅವರು ಠೀವಿಯಿಂದ ದೀಪ ಹಚ್ಚುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ನವೆಂಬರ್‌ನಲ್ಲಿ ಒಂದು ಆದೇಶ ಬಂತು. ಜೇವರ್ಗಿಯಲ್ಲಿ ಮುಖ್ಯಗುರುಗಳಿಗೆ ತರಬೇತಿ, ಸೋಮವಾರದಿಂದ ಒಂದು ವಾರ. ಕಲಿಸುವವರಲ್ಲಿ ನನ್ನ ಹೆಸರಿತ್ತು. ಮುಂಜಾನೆ ಹೋಗಿ ಸಂಜೆ ಬರಬಹುದು. ಕೊನೆಯ ಸಾಲಿನಲ್ಲಿ, ಸದರಿ ಅವಧಿಯನ್ನು ಓ.ಡಿ. ಎಂದು ಪರಿಗಣಿಸತಕ್ಕದ್ದು ಎಂದಿತ್ತು. ನನ್ನ ನೌಕರಿಯಲ್ಲೇ ಮೊದಲ ಓ.ಡಿ. ನಾನು ಕೇಳದೆ ಬಂದ ಓ.ಡಿ.

ಅವರು ಅದನ್ನು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು.

“ಜೇವರ್ಗಿ ದೂರ ಅದ,” ಎಂದರು. “ಬಸ್ಸಿನ್ಯಾಗ ತಕಲೀಫ್ ಆಗ್ತದ. ನಾ ಗಾಡ್ಯಾಗ ಕರ್ಕೊಂಡು ಹೋಗ್ತೇನಿ. ಅಲ್ಲಿ ಸಾಹೇಬ್ರೆಲ್ಲ ನಂಗ ಗೊತ್ತವ್ರೇ ಅದಾರ.”

“ಬ್ಯಾಡ್ರಿ,” ಎಂದೆ. “ಗಾಡಿ ನಾನೇ ಹೊಡ್ಕೊಂಡು ಹೋಗ್ತೇನಿ. ಒಬ್ಬಾಕೀನೇ.”

ನನಗೆ ಬೇಕಿದ್ದದ್ದು ಜೇವರ್ಗಿಯಲ್ಲ, ರಸ್ತೆ. ಎರಡೂ ಬದಿ ತೊಗರಿ ನಿಂತಿರುವ ರಸ್ತೆಯಲ್ಲಿ ಯಾರಿಗೂ ಉತ್ತರ ಕೊಡದೆ, ಯಾರಿಗೂ ಬುತ್ತಿ ಕಟ್ಟದೆ, ಯಾರಿಂದಲೂ ಮೂಲೆ ತೋರಿಸಿಕೊಳ್ಳದೆ ಒಂದಿಷ್ಟು ಹೊತ್ತು ನಾನು ನಾನಾಗಿ ಕೂತಿರಬೇಕು.

ಅವರು ಆದೇಶವನ್ನು ಮಡಚಿ ನನ್ನ ಕೈಗಿಟ್ಟರು. ಆಮೇಲೆ ಮೈದಾನದ ದನಿ ತೆಗೆದರು.

“ಹಂಗಾರ ಪರೀಕ್ಷಾ ಆಗ್ಲಿ. ಐತವಾರ ಹವಳಗಾ ರಸ್ತಾದ ಮ್ಯಾಗ. ಓ.ಡಿ. ಯಾವಾಗ ಹಾಕಬೇಕು, ಯಾವಾಗ ತೆಗೀಬೇಕು, ಒಂದೂ ತಪ್ಪಿಲ್ದಂಗ ಮಾಡಿ ತೋರ್ಸು. ಪಾಸಾದ್ರ ಕೀಲಿ ನಿಂದು. ಇಲ್ಲಾಂದ್ರ ನಾ ಬರ್ತೇನಿ.”

ಎಂಥ ಸಂಕಟ ನೋಡಿ. ಸರಿಯಾಗಿ ಓಡಿಸಿದರೆ ಫೇಲು, ತಪ್ಪಾಗಿ ಓಡಿಸಿದರೆ ಪಾಸು. ಶಮ್ಸುನ್ನಿಸಾ ಫೋನಿನಲ್ಲಿ ಬುದ್ಧಿ ಹೇಳಿದಳು. “ಅಕ್ಕಾ, ಒಂದು ದಿನದ ಮಾತು. ಅವ್ರು ಹೇಳ್ದಂಗ ದೀಪ ಹಚ್ಚಿ ಕೀಲಿ ತೊಗೊಂಡ್ ಬಿಡ್ರಿ. ಸೋಮವಾರ ನಿಮ್ಮ ಮನಸ್ಸಿಗೆ ಬಂದಂಗ ಹೊಡೀರಿ.” ಅದೇ ಸರಿಯೆನ್ನಿಸಿತು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು ಹೊಸ ವಿದ್ಯೆಯಲ್ಲ.

ಭಾನುವಾರ ಅವರು ಟ್ರ್ಯಾಕ್‌ಸೂಟ್ ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು ನನ್ನ ಪಕ್ಕ ಕೂತರು. ನಾನು ಗಾಡಿ ತೆಗೆದೆ. ಊರೊಳಗೆ ಮೆಲ್ಲಗೆ ಬಂದೆ. ಬಂಕ್ ದಾಟಿದ ಮೇಲೆ ಹೆಬ್ಬೆರಳಿಂದ ಬಟನ್ ಒತ್ತಿದೆ. ದೀಪ ಹತ್ತಿತು, ಇಂಜಿನ್ನು ಒದರಿಕೊಂಡಿತು.

“ಭೇಷ್,” ಎಂದರು ದೌಲತರಾಯರು.

ರಸ್ತೆ ಸಪಾಟು, ಖಾಲಿ. ತೊಗರಿ ಹೂ ಮುಗಿದು ಕಾಯಿ ಹಿಡಿದಿತ್ತು. ಇಷ್ಟು ಒಳ್ಳೆಯ ರಸ್ತೆಯಲ್ಲಿ ಗಾಡಿಯನ್ನು ಹೀಗೆ ಗೋಳಾಡಿಸಿಕೊಂಡು ಹೋಗಲು ನನಗೆ ನಾಚಿಕೆಯಾಗುತ್ತಿತ್ತು. ಆದರೂ ಹಲ್ಲು ಕಚ್ಚಿ ಹಿಡಿದೆ. ಇನ್ನೊಂದಿಷ್ಟು ದೂರ ಹೋಗಿ ತಿರುಗಿಸಿದರೆ ಕೀಲಿ ನನ್ನದು. ಅವರಿಗೆ ಮಾತ್ರ ಇಂಜಿನ್ನಿನ ಕೂಗು ಕೇಳಿ ಹಳೆಯ ನೆನಪು ಉಕ್ಕಿ ಬಂತು.

“ಕೇಳಾಕತ್ತಿಯೇನು ಅದರ ದುಡಿಮಿ?” ಎಂದರು. “ನಾನೂ ಜನ್ಮಪೂರ್ತಿ ಹಿಂಗೇ ದುಡದೀನಿ. ಏನ್ ಮಾಡಾಕ ಬರ್ತದ? ಮನಿ ಬಿಟ್ಟು ಹೋಗಾಕ ನನಗೇನು ಖುಷಿ ಇತ್ತೇನು? ಆರ್ಡರ್ ಬಂದ್ರ ಇಲ್ಲ ಅನ್ನಾಕ ಬರ್ತದೇನು?”

ಎಲ್ಲವನ್ನೂ ನುಂಗಿದ್ದೆ, ಇದನ್ನು ನುಂಗಲಾಗಲಿಲ್ಲ. ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಬಟನ್ ಒತ್ತಿತು. ದೀಪ ಆರಿತು. ಇಂಜಿನ್ನು ಬಾಯಿ ಮುಚ್ಚಿತು. ಟಯರುಗಳ ಸರಸರ ಸದ್ದಷ್ಟೇ ಉಳಿದು ಗಾಡಿ ಹಗುರಾಗಿ ಓಡತೊಡಗಿತು.

ಕಾರಿನೊಳಗೆ ಸೀಟಿ ಊದಿದರೆ ಎಷ್ಟು ಜೋರು ಕೇಳುತ್ತದೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು ಬೆಚ್ಚಿ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದೆ.

“ಫೌಲ್,” ಎಂದರು. “ಊರ ಹೊರಗ ಓ.ಡಿ. ಯಾಕ ತೆಗದಿ?”

“ತೆಗದಿಲ್ರಿ. ಈಗ ಹಾಕೀನಿ. ಆಫ್ ಅಂದ್ರ ಬಂದ್ ಅಂತ.”

“ಆಫೀಶಿಯಲ್ ಅಂತ ಹೇಳೀನಿ.”

ನಾನು ಎ.ಸಿ. ತಿರುಗಿಸುವ ಗುಬುಟು ತೋರಿಸಿದೆ. ಅಲ್ಲಿಯೂ ಅವೇ ಮೂರು ಅಕ್ಷರಗಳಿದ್ದವು.

“ಇದೇನ್ರಿ ಹಂಗಾರ? ಎ.ಸಿ. ಆಫೀಶಿಯಲ್ ಏನು?”

ಅವರು ಗುಬುಟನ್ನು ನೋಡಿದರು. ಬಾಗಿ ಹತ್ತಿರದಿಂದ ನೋಡಿದರು. ಅದನ್ನು ತಿರುಗಿಸಿದರೆ ತಂಪು ಗಾಳಿ ಬರುವುದು, ಆ ಮೂರು ಅಕ್ಷರಕ್ಕೆ ತಂದರೆ ನಿಲ್ಲುವುದು ಅವರಿಗೆ ಗೊತ್ತೇ ಇದ್ದ ಸಂಗತಿ. ಒಮ್ಮೆ ತಿರುಗಿಸಿ, ಮತ್ತೆ ಅಲ್ಲಿಗೇ ತಂದು ನೋಡಿದರು.

“ಅಂದ್ರ ನಾವು ಹೊರಗ ಹೋದಾಗೆಲ್ಲ ಓ.ಡಿ. ಇರ್ತಿರ್ಲಿಲ್ಲ?” ಎಂದು ಕೊನೆಗೆ ಕೇಳಿದರು.

“ಇರ್ತಿರ್ಲಿಲ್ರಿ. ಬರೇ ಸಪ್ಪಳ ಇರ್ತಿತ್ತು.” ಅಷ್ಟಕ್ಕೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. “ಮತ್ತ ಆರ್ಡರ್ ಬಂದ್ರ ಇಲ್ಲ ಅನ್ನಾಕ ಬರ್ತದೇನು ಅಂದ್ರಲ್ಲ, ಹಣಮಂತ್ರಾಯರು ಮೈಕಿನ್ಯಾಗ ಹೇಳಿದ್ದು ನಾನೂ ಕೇಳೀನ್ರಿ. ಅಲ್ಲೇ ಕುಂತಿದ್ದೆ. ನಮ್ಮವ್ವ ಸಾಯಾಕತ್ತಾಗ ಖಜೂರಿ ಆರ್ಡರ್ ಬಂದಿತ್ತೋ, ನೀವು ಕೇಳಿ ಹಾಕಿಸ್ಕೊಂಡಿದ್ರೋ?”

ಸೀಟಿ ಅವರ ಕೈಯಲ್ಲೇ ಉಳಿಯಿತು. ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ.

“ಕೇಳಿ ಹಾಕಿಸ್ಕೊಂಡಿದ್ದೆ,” ಎಂದರು. “ಸಾಯೋರ ಮುಂದ ಕುಂತು ನಾ ಏನ್ ಮಾಡ್ಬೇಕು ಅಂತ ನಂಗ ತಿಳೀತಿರ್ಲಿಲ್ಲ. ಮನ್ಯಾಗೂ ಅಷ್ಟೇ. ಎಲ್ಲಾ ನೀನೇ ಮಾಡ್ತಿದ್ದಿ. ನಾ ಅಡ್ಡಾಡಿದ್ರ ಅಡ್ಡ ಬಂದಂಗ ಆಗ್ತಿತ್ತು. ಖಜೂರ್ಯಾಗ ಕುಂತ್ರ, ಲಾರಿ ಬಂದ್ರ ಕೈ ತೋರಸ್ಬೇಕು, ಅದು ನಿಲ್ತಿತ್ತು.”

ಸಿಟ್ಟು ಬಂದಾಗ ಎದುರಿನವರು ಸುಳ್ಳು ಹೇಳಿದರೆ ಎಷ್ಟೋ ಅನುಕೂಲ. ನಿಜ ಹೇಳಿದರೆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ. ನಾನು ಕಣ್ಣು ಒರೆಸಿಕೊಂಡು ಗಾಡಿ ಚಾಲೂ ಮಾಡಿದೆ.

ಕಾರ್ಖಾನೆ ಹತ್ತಿರ ಬಂದಂತೆ, ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಒಂದು ರಸ್ತೆಯ ಮುಕ್ಕಾಲು ಭಾಗ ಹಿಡಿದು ಹೊರಟಿತ್ತು. ಎದುರಿನಿಂದ ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಬಟನ್ ಒತ್ತಿದೆ. ದೀಪ ಹತ್ತಿತು, ಗಾಡಿ ಜೋರು ಹಿಡಿಯಿತು, ಕಬ್ಬಿನ ಸೋಗೆ ಕನ್ನಡಿಗೆ ತಾಗುವಷ್ಟು ಪಕ್ಕದಲ್ಲಿ ಸಾಗಿ ಮುಂದೆ ಬಂದೆವು. ಮತ್ತೆ ಒತ್ತಿದೆ. ದೀಪ ಆರಿತು, ಇಂಜಿನ್ನು ತಣ್ಣಗಾಯಿತು. ಅವರು ದೀಪವನ್ನೂ ನನ್ನ ಹೆಬ್ಬೆರಳನ್ನೂ ನೋಡುತ್ತಿದ್ದರು. ಸೀಟಿ ಊದಲಿಲ್ಲ.

ಮನೆಯ ಮುಂದೆ ಗಾಡಿ ನಿಲ್ಲಿಸಿ ಕೀಲಿಯನ್ನು ಅವರ ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ.

“ನಿನ್ನ ಹತ್ರಾನೇ ಇರ್ಲಿ,” ಎಂದು ಇಳಿದು ಹೋದರು.

ಅಂದು ಸಂಜೆ ಬ್ಯಾಳಿಗೆ ನೀರು ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ. ಗೆದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಗೆದ್ದವರಿಗೆ ಊಟ ರುಚಿಸಬೇಕಿತ್ತು.

ಸೋಮವಾರ ಮುಂಜಾನೆ ಇಳಕಲ್ ಸೀರೆ ಉಟ್ಟು, ಪುಸ್ತಕಗಳ ಚೀಲ ಹಿಡಿದು ಹೊರಗೆ ಬಂದೆ. ಗೇಟು ತೆರೆದಿತ್ತು. ಕಾರು ಒರೆಸಿ ಇಟ್ಟಿತ್ತು. ದೌಲತರಾಯರು ಇಸ್ತ್ರಿ ಮಾಡಿದ ಸಫಾರಿ ಹಾಕಿ, ವಿಭೂತಿ ಹಚ್ಚಿ, ಪ್ರವಾಸದ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದರು. ಬೆಲ್ಟನ್ನೂ ಹಾಕಿಕೊಂಡಿದ್ದರು.

ನಾನು ನನ್ನ ಜಾಗದಲ್ಲಿ ಕೂತು ಗಾಡಿ ಚಾಲೂ ಮಾಡಿದೆ. ಆಮೇಲೆ ಅವರ ಕಡೆ ತಿರುಗಿದೆ.

“ಇಳೀರಿ,” ಎಂದೆ.

“ನಾ ಏನೂ ಮಾತಾಡಂಗಿಲ್ಲ. ಸುಮ್ನ ಕುಂಡ್ರತೇನಿ.”

“ಇಳೀರಿ ಅಂದೆ.”

ಅವರು ಬೆಲ್ಟು ಬಿಚ್ಚಿದರು, ಬ್ಯಾಗು ಎತ್ತಿಕೊಂಡರು. ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಇಳಿದು ಬಾಗಿಲು ಹಾಕಿದರು. ಹೋಗಲಿಲ್ಲ, ಕಿಟಕಿಯ ಹತ್ತಿರ ಬಾಗಿ ನಿಂತರು. ನಾನು ಬಾಗಿಲು ತೆರೆಯಲಿಲ್ಲ.

“ಸಂಜೀತನ ಮನ್ಯಾಗ ಒಬ್ಬವ ನಾ ಏನ್ ಮಾಡ್ಲಿ?” ಎಂದರು.

“ನೀವು ಇಲ್ಲದಾಗ ನಾ ಏನ್ ಮಾಡ್ತಿದ್ದೆನೋ ಅದನ್ನ ಮಾಡ್ರಿ.”

ಅವರು ಯೋಚಿಸಿದರು. ಪ್ರಾಮಾಣಿಕವಾಗಿಯೇ ಯೋಚಿಸಿದರು, ಹಣೆಯ ಮೇಲಿನ ವಿಭೂತಿ ಸುಕ್ಕುಗಟ್ಟಿತು. ಆಮೇಲೆ ಕೇಳಿದರು:

“ನೀ ಏನ್ ಮಾಡ್ತಿದ್ದಿ?”

ಚುಚ್ಚಲು ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

“ಸಂಜೀಕ ಬಂದು ಹೇಳ್ತೇನಿ,” ಎಂದು ನಾನು ಗಾಡಿ ಬಿಟ್ಟೆ.